ನರ್ಸಮ್ಮನನ್ನು ಗುಮಾಸ್ತೆ ಮಾಡಿದವರಾರು?

ನಮ್ಮ ನಾಡಿನಲ್ಲಿ ಆರೋಗ್ಯದ ಮಾತು ಬಂದರೆ ಸಾಕು, ಎಲ್ಲರ ಕಣ್ಣ ಮುಂದೆಯೂ ಒಂದು ಕಟ್ಟಡ ಎದ್ದು ನಿಲ್ಲುತ್ತದೆ. ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಬೇಕು. ತಾಲೂಕಿಗೊಂದು ನೂರು ಹಾಸಿಗೆಯ ಆಸ್ಪತ್ರೆ ಬೇಕು. ಆಸ್ಪತ್ರೆಯಿದ್ದ ಕಡೆ ಹೊಸ ಯಂತ್ರ ಬೇಕು. ಬೇಡವೆಂದವರಾರು? ಎಲ್ಲವೂ ಬೇಕು. ಶಂಕುಸ್ಥಾಪನೆಯಾಗುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಊರ ಮುಖಂಡರು ಹಾರ ಹಾಕಿ ಕೈಮುಗಿಯುತ್ತಾರೆ. ಆದರೆ, "ನಮ್ಮೂರಿಗೊಬ್ಬ ಒಳ್ಳೆಯ ನರ್ಸಮ್ಮನನ್ನು ಕೊಡಿ, ಆಕೆ ಹತ್ತು ವರ್ಷ ಇಲ್ಲಿಯೇ ನೆಲೆ ನಿಲ್ಲುವಂತೆ ಮಾಡಿ" ಎಂದು ಮನವಿ ಹಿಡಿದು ಮಂತ್ರಿಗಳ ಮನೆ ಬಾಗಿಲಿಗೆ ಹೋದ ನಿಯೋಗವೊಂದನ್ನು ನಾನು ಈವರೆಗೆ ಕಂಡಿಲ್ಲ, ಕೇಳಿಲ್ಲ.

ಯಾರೂ ಬರೆಯದ ಆ ಮನವಿಯ ಪರವಾಗಿ ನಾನಿಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನನ್ನ ವಾದ ಇಷ್ಟೆ: ಹಳ್ಳಿಯ, ತಾಂಡಾದ, ಹಾಡಿಯ, ಹಟ್ಟಿಯ ಜನರ ಆರೋಗ್ಯವನ್ನು ಕಾಯಬೇಕಾದವಳು ಮನೆ ಮನೆಗೆ ನಡೆದು ಹೋಗುವ ದಾದಿ. ಆಕೆಯನ್ನು ನಾವು ನೇಮಿಸಿಕೊಂಡೆವು. ನೇಮಿಸಿಕೊಂಡು ಗುಮಾಸ್ತೆಯನ್ನಾಗಿ ಮಾಡಿದೆವು. ಕೈಗೆ ಪುಸ್ತಕ ಕೊಟ್ಟು ಊರನ್ನು ಕಸಿದುಕೊಂಡೆವು. ಈಗ ಊರಿನ ಆರೋಗ್ಯ ಏಕೆ ಸುಧಾರಿಸಲಿಲ್ಲವೆಂದು ಸಭೆ ಸೇರಿಸಿ ಆಕೆಯನ್ನೇ ಗದರಿಸುತ್ತಿದ್ದೇವೆ.

ಪಟ್ಟಣದ ಓದುಗರಲ್ಲಿ ಕೆಲವರಿಗೆ ಉಪಕೇಂದ್ರವೆಂದರೇನೆಂಬುದು ತಿಳಿದಿರಲಿಕ್ಕಿಲ್ಲ. ಬಯಲು ಪ್ರದೇಶದಲ್ಲಿ 5,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿಯೂ ಬುಡಕಟ್ಟಿನವರು ವಾಸಿಸುವ ಕಡೆಯಲ್ಲಿಯೂ 3,000 ಜನಕ್ಕೆ ಒಂದು ಎಂಬ ಲೆಕ್ಕದಲ್ಲಿ ಸರ್ಕಾರ ಏರ್ಪಡಿಸಿರುವ ಚಿಕ್ಕ ಆರೋಗ್ಯ ಕೇಂದ್ರವದು. ಅದರ ಮೇಲೆ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ವೈದ್ಯರು ಕಾಣಸಿಗುವುದು ಅಲ್ಲಿ. ಉಪಕೇಂದ್ರದ ಒಡತಿ ದಾದಿ. ಜನ ಆಕೆಯನ್ನು ಅಂದಿನಿಂದ ಇಂದಿನವರೆಗೆ ನರ್ಸಮ್ಮ ಎಂದೇ ಕರೆಯುತ್ತ ಬಂದಿದ್ದಾರೆ. ಸರ್ಕಾರಕ್ಕೆ ಮಾತ್ರ ಆ ಹೆಸರು ಸಾಲದು. ಎ.ಎನ್.ಎಂ. ಎಂದಿತು, ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಿದೆ. ಉಪಕೇಂದ್ರಕ್ಕೂ ಹೆಸರುಗಳ ಬರವಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರವೆಂದರು. 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರವೆಂದರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ನಮ್ಮ ಹಿರಿಯರದು. ಮಂದಿರವೆಂದು ಬಾಗಿಲ ಮೇಲೆ ಬರೆದರಾಯಿತೆ? ಒಳಗೆ ಕೈತೊಳೆಯಲು ನೀರು ಬರುತ್ತಿದೆಯೆ ಎಂದು ನಲ್ಲಿ ತಿರುಗಿಸಿ ನೋಡುವವರು ಯಾರು?

ಈ ದಾದಿಯ ಕಲ್ಪನೆ ನಿನ್ನೆ ಮೊನ್ನೆಯದಲ್ಲ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವಿಲಿಯಂ ರಾಥ್‌ಬೋನ್ ಎಂಬ ವರ್ತಕ, ಬಡವರ ಮನೆಗೇ ಹೋಗಿ ಶುಶ್ರೂಷೆ ಮಾಡುವ ದಾದಿಯೊಬ್ಬಳನ್ನು ಏರ್ಪಡಿಸಿದ. 1893ರಲ್ಲಿ ನ್ಯೂಯಾರ್ಕಿನ ಬಡ ವಲಸೆಗಾರರ ಕೇರಿಯಲ್ಲಿ ಲಿಲಿಯನ್ ವಾಲ್ಡ್ ಎಂಬ ದಾದಿ ತಾನೇ ಮನೆ ಮಾಡಿ ನಿಂತಳು. ನೆರೆಯವಳಾಗಿ ಬಾಳಿದರೆ ಮಾತ್ರ ದಾದಿಯ ಮಾತು ಮನೆಯೊಳಗೆ ನಡೆಯುತ್ತದೆಂದು ಆಕೆಯ ನಂಬಿಕೆ. ಮುಂದೆ ಹೆನ್ರಿ ಸ್ಟ್ರೀಟ್ ಕೇಂದ್ರವೆಂದು ಪ್ರಸಿದ್ಧವಾದುದು ಅದೇ. ನಮ್ಮಲ್ಲಿಯೂ ಇಂಥ ಪ್ರಯತ್ನ ಇರಲಿಲ್ಲವೆಂದಲ್ಲ. 1930ರ ಆಸುಪಾಸಿನಲ್ಲಿಯೇ ಮೈಸೂರು ಸಂಸ್ಥಾನದ ಮಂಡ್ಯದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ರೋಗ ಬಾರದಂತೆ ನೋಡಿಕೊಳ್ಳುವುದೇ ಮುಖ್ಯವೆಂಬ ಆರೋಗ್ಯ ಘಟಕವೊಂದು ಆರಂಭವಾಗಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ಆಗ ಈ ದೇಶದಲ್ಲಿ 6,300 ಜನಕ್ಕೆ ಒಬ್ಬ ವೈದ್ಯನಿದ್ದರೆ, ದಾದಿ 43,000 ಜನಕ್ಕೆ ಒಬ್ಬಳು. ವೈದ್ಯರ ಕೊರತೆಗಿಂತ ದಾದಿಯರ ಕೊರತೆ ಏಳು ಪಾಲು ಹೆಚ್ಚು! ಸಮಿತಿ ಇದನ್ನು ಕಂಡುಕೊಂಡಿತು. 40,000 ಜನರ ಒಂದೊಂದು ಘಟಕಕ್ಕೆ ಮೊದಲ ಹಂತದಲ್ಲಿ ಯಾರು ಯಾರಿರಬೇಕೆಂದು ಅದು ಬರೆದ ಪಟ್ಟಿಯನ್ನು ನಮ್ಮ ಯೋಜಕರು ಇಂದಿಗೂ ಓದಬೇಕು. ವೈದ್ಯರು ಇಬ್ಬರು. ಊರೊಳಗೆ ಓಡಾಡುವ ಸಾರ್ವಜನಿಕ ಆರೋಗ್ಯ ದಾದಿಯರು ನಾಲ್ವರು. ಸೂಲಗಿತ್ತಿಯ ಕೆಲಸ ಕಲಿತವರು ನಾಲ್ವರು. ಅದಲ್ಲದೆ ಚಿಕಿತ್ಸಾಲಯಕ್ಕೆ ಒಬ್ಬ ದಾದಿ, ತರಬೇತಿ ಪಡೆದ ದಾಯಿಗಳು ನಾಲ್ವರು. ಎಂದರೆ, ಒಬ್ಬ ವೈದ್ಯನಿಗೆ ಆರು ಮಂದಿಗಿಂತ ಹೆಚ್ಚು ಹೆಂಗಸರು ಊರಿನ ಮನೆಗಳಲ್ಲಿ ಇರಬೇಕೆಂಬುದು ಆ ಸಮಿತಿಯ ಎಣಿಕೆ. ನಾವು ಈ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಪಟ್ಟಿಯ ತಲೆಯನ್ನು ಹಿಡಿದುಕೊಂಡು ಕಾಲನ್ನು ಬಿಟ್ಟೆವು.

ಬಿಟ್ಟದ್ದು ಹೇಗೆಂಬ ಕಥೆಯೂ ಕೇಳತಕ್ಕದ್ದೆ. 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಎ.ಎನ್.ಎಂ. ತರಬೇತಿ ಮೊದಲಾಯಿತು. ಎರಡು ವರ್ಷದ ಪಾಠ. ಬಸುರಿಯನ್ನು ನೋಡುವುದು, ಹೆರಿಗೆ ಮಾಡಿಸುವುದು, ಕೂಸಿನ ಆರೈಕೆ ಹೇಳಿಕೊಡುವುದು ಆಕೆಯ ಮುಖ್ಯ ಕೆಲಸ. ಕೆಲಸ ಸಣ್ಣದಲ್ಲ, ಆದರೆ ಒಬ್ಬ ಹೆಂಗಸು ಅಕ್ಕರೆಯಿಂದ ಮಾಡಬಹುದಾದ, ಮಾಡಿ ಊರಿನ ಪ್ರೀತಿ ಗಳಿಸಬಹುದಾದ ಕೆಲಸ. 1966ರ ಹೊತ್ತಿಗೆ ಕುಟುಂಬ ಯೋಜನೆಯ ಗುರಿಗಳು ಬಂದವು. ತಿಂಗಳಿಗೆ ಇಷ್ಟು ಆಪರೇಷನ್, ಇಷ್ಟು ವಂಕಿ ಎಂದು ಮೇಲಿನಿಂದ ಲೆಕ್ಕ ಇಳಿಯತೊಡಗಿತು. 1973ರ ಕರ್ತಾರ್ ಸಿಂಗ್ ಸಮಿತಿ ಆಕೆಯನ್ನು ವಿವಿಧೋದ್ದೇಶ ಕಾರ್ಯಕರ್ತೆಯಾಗಿ ಮಾಡಬೇಕೆಂದಿತು. ಉದ್ದೇಶಗಳು ವಿವಿಧವಾದವು, ಕಾಲುಗಳು ಮಾತ್ರ ಎರಡೇ ಉಳಿದವು. 1977ರಲ್ಲಿ, ಕೆಲಸ ಹೆಚ್ಚಿದ ಕಾಲದಲ್ಲಿಯೇ, ತರಬೇತಿಯನ್ನು ಒಂದೂವರೆ ವರ್ಷಕ್ಕೆ ಇಳಿಸಿದರು! ಅದು ಮತ್ತೆ ಎರಡು ವರ್ಷಕ್ಕೆ ಏರಲು ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ನಡುವೆ ತುರ್ತು ಪರಿಸ್ಥಿತಿಯ ಕಾಲ ಬಂದುಹೋಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಆ ದಬ್ಬಾಳಿಕೆಯ ಆಜ್ಞೆ ಹೊರಟದ್ದು ದೊಡ್ಡವರ ಮೇಜಿನಿಂದ. ಆದರೆ ಆಜ್ಞೆಯ ಮುಖವಾಗಿ ಹಳ್ಳಿಯವರ ಕಣ್ಣಿಗೆ ಬಿದ್ದವರು ಆರೋಗ್ಯ ಇಲಾಖೆಯ ಚಿಕ್ಕ ನೌಕರರು. ನರ್ಸಮ್ಮ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಹಿತ್ತಿಲ ಬಾಗಿಲಿನಿಂದ ಓಡಿಹೋಗುವ ಕಾಲ ಬಂತು. ಗುರಿಯ ಪದ್ಧತಿಯನ್ನು 1996ರಲ್ಲಿ ಕಾಗದದ ಮೇಲೆ ಕೈಬಿಟ್ಟರು. ಕಳೆದುಹೋದ ನಂಬಿಕೆಯನ್ನು ಯಾವ ಸುತ್ತೋಲೆ ಹಿಂದಕ್ಕೆ ತಂದುಕೊಡಬೇಕು?

ಇಂದಿನ ಸ್ಥಿತಿಯನ್ನು ನೋಡೋಣ. ಬಯಲುಸೀಮೆಯ ಹಲವು ಉಪಕೇಂದ್ರಗಳ ಮೆಟ್ಟಿಲು ಹತ್ತಿ ಇಳಿದವನು ನಾನು. ನಾನು ಕಂಡ ನರ್ಸಮ್ಮಂದಿರ ಮೇಜಿನ ಮೇಲೆ ಔಷಧದ ಡಬ್ಬಿಗಿಂತ ರಿಜಿಸ್ಟರುಗಳ ಅಟ್ಟಿ ಎತ್ತರ. ಬಸುರಿಯರದೊಂದು, ಮಕ್ಕಳ ಚುಚ್ಚುಮದ್ದಿನದೊಂದು, ಜನನ ಮರಣದ್ದೊಂದು, ಜ್ವರದವರ ರಕ್ತಲೇಪನದ್ದೊಂದು, ಕ್ಷಯದವರದೊಂದು, ಸಕ್ಕರೆ ಕಾಯಿಲೆಯವರದೊಂದು, ಗುಳಿಗೆಗಳ ದಾಸ್ತಾನಿನದೊಂದು. ಇದನ್ನೆಲ್ಲ ತಪ್ಪಿಸುವುದಕ್ಕೆಂದೇ ಕೈಗೆ ಟ್ಯಾಬ್ಲೆಟ್ ಯಂತ್ರ ಕೊಟ್ಟರು. ಆದುದೇನು? ಪುಸ್ತಕದಲ್ಲಿಯೂ ಬರೆಯಬೇಕು, ಯಂತ್ರದಲ್ಲಿಯೂ ತುಂಬಬೇಕು. ಊರಿನಲ್ಲಿ ಸಿಗ್ನಲ್ ಸಿಗದಿದ್ದರೆ ರಾತ್ರಿ ಮನೆಗೆ ಹೋಗಿ, ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ ತುಂಬಬೇಕು. ಇಪ್ಪತ್ತು ವರ್ಷ ಸರ್ವೀಸಾದ ಒಬ್ಬ ತಾಯಿ ನನಗೆ ಹೇಳಿದರು: "ಸಾರ್, ಮಗು ಕೈಗೆ ಸಿಕ್ಕರೆ ಸಾಲದು, ಮಗುವಿನ ನಂಬರೂ ಸಿಗಬೇಕು. ನಂಬರ್ ಸಿಗದಿದ್ದರೆ ನಾನು ಹಾಕಿದ ಸೂಜಿ ಹಾಕಿದ ಹಾಗಲ್ಲ." ಇದಕ್ಕಿಂತ ಚೆನ್ನಾಗಿ ನಮ್ಮ ಆಡಳಿತವನ್ನು ವರ್ಣಿಸಿದವರನ್ನು ನಾನು ಕಾಣೆ.

ಅಂಕಿಗಳನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬೇಕೆನ್ನುವವರಿದ್ದಾರೆ. ಅಂಕಿಗಳಿಗೆ ನಾನು ಹೆದರುವವನಲ್ಲ, ಅವುಗಳನ್ನೇ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿದ್ದವು. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2014-16ರಲ್ಲಿ 108 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ದೊಡ್ಡ ಸಾಧನೆ. ಇದಕ್ಕೆ ಕಾರಣರಾದವರಿಗೆಲ್ಲ ನನ್ನ ನಮಸ್ಕಾರ. ಅದೇ ಅವಧಿಯಲ್ಲಿ ಕೇರಳದ ಅಂಕಿ 19 ಎಂಬುದನ್ನೂ ನೆನಪಿಡೋಣ.

ಈಗ ಅದೇ ಸಮೀಕ್ಷೆಯ ಇನ್ನೊಂದು ಪುಟವನ್ನು ತಿರುವಿ ನೋಡಿ. 15ರಿಂದ 49 ವರ್ಷದ ನಮ್ಮ ಹೆಂಗಸರಲ್ಲಿ ರಕ್ತಹೀನತೆಯುಳ್ಳವರು 2015-16ರಲ್ಲಿ ಶೇಕಡಾ 44.8, 2019-21ರಲ್ಲಿ ಶೇಕಡಾ 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 60.9 ಇದ್ದದ್ದು 65.5 ಆಯಿತು. ಆಸ್ಪತ್ರೆಯ ಹೆರಿಗೆ ಏರಿತು, ಹೆತ್ತವಳ ಮೈಯ ರಕ್ತ ಇಳಿಯಿತು! ಇದಕ್ಕೇನೆನ್ನುತ್ತೀರಿ?

ನಾನು ಹೇಳುವುದು ಇದು: ಹೆರಿಗೆ ಒಂದು ದಿನದ ಕೆಲಸ, ಅದನ್ನು ಆಸ್ಪತ್ರೆ ಮಾಡಬಲ್ಲುದು. ರಕ್ತಹೀನತೆ ವರ್ಷಗಟ್ಟಲೆಯ ಕೆಲಸ, ಅದು ಅಡುಗೆಮನೆಯಲ್ಲಿ ನಡೆಯಬೇಕು. ಬಸುರಿಯೊಬ್ಬಳು 180 ದಿನ ಕಬ್ಬಿಣಾಂಶದ ಗುಳಿಗೆ ನುಂಗಬೇಕೆಂದು ಸರ್ಕಾರದ ನಿಯಮ. ಗುಳಿಗೆ ಬಿಟ್ಟಿ ಸಿಗುತ್ತದೆ, ಪಟ್ಟಿಯಲ್ಲಿ ಕೊಟ್ಟದ್ದೂ ದಾಖಲಾಗುತ್ತದೆ. ಮನೆಗೆ ಹೋದ ಮೇಲೆ ನಡೆಯುವುದೇನು? ಮೂರನೆಯ ದಿನ ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾಗುತ್ತದೆ, ಹೆದರಿಕೆಯಾಗುತ್ತದೆ. "ಕೂಸು ದಪ್ಪವಾದರೆ ಹೆರಿಗೆ ಕಷ್ಟ, ಬೇಡ ಬಿಡು" ಎಂದು ಅತ್ತೆ ಹೇಳುತ್ತಾಳೆ. ಗುಳಿಗೆಯ ಪೊಟ್ಟಣ ದೇವರ ಗೂಡಿನ ಹಿಂದೆ ಸೇರುತ್ತದೆ. ದಾಖಲೆಯ ಪ್ರಕಾರ ಆಕೆ 180 ಗುಳಿಗೆ ನುಂಗಿದವಳು. ನಿಜವಾಗಿ ಆರು ನುಂಗಿದವಳು.

ಈ ರೋಗಕ್ಕೆ ಯಾವ ಮೆಡಿಕಲ್ ಕಾಲೇಜಿನಲ್ಲಿ ಔಷಧವಿದೆ? ಎಂಟನೆಯ ದಿನ ಅದೇ ಮನೆಯ ಜಗುಲಿಯ ಮೇಲೆ ಬಂದು ಕುಳಿತು, "ಕಪ್ಪಗಾದರೆ ಹೆದರಬೇಡವ್ವಾ, ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ, ಊಟವಾದ ಮೇಲೆ ನುಂಗು, ಚಹಾದ ಜೊತೆ ಮಾತ್ರ ನುಂಗಬೇಡ, ನುಗ್ಗೆಸೊಪ್ಪಿನ ಪಲ್ಯಕ್ಕೆ ಒಂದು ನಿಂಬೆಹಣ್ಣು ಹಿಂಡು" ಎಂದು ಸೊಸೆಗೆ ಹೇಳಿ, ಅತ್ತೆಯ ಮನಸ್ಸನ್ನೂ ಒಲಿಸಿಕೊಂಡು ಹೋಗುವ ಹೆಂಗಸೊಬ್ಬಳೇ ಔಷಧ. ಆಕೆ ಬರಬೇಕಾದ ಎಂಟನೆಯ ದಿನ ಎಲ್ಲಿದ್ದಾಳೆ? ತಾಲೂಕು ಕಚೇರಿಯ ಪರಿಶೀಲನಾ ಸಭೆಯಲ್ಲಿ, ಗುಳಿಗೆ ವಿತರಣೆಯ ಪ್ರಗತಿ ವರದಿ ಹಿಡಿದು ಕುಳಿತಿದ್ದಾಳೆ.

ಇದಕ್ಕಿಂತ ಕಹಿಯಾದ ಮಾತೊಂದಿದೆ. 2023ರ ಬೇಸಗೆ ಕಳೆದು ಮಳೆ ಹಿಡಿದ ದಿನಗಳಲ್ಲಿ ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಿಲಿನಲ್ಲಿ ಇರಿಸಿದ್ದರು. ಮಳೆಗಾಳಿಗೆ ಕೂಸು ತೀರಿಕೊಂಡಿತು. ಸುದ್ದಿ ನಾಡಿಗೆಲ್ಲ ಗೊತ್ತಾಯಿತು, ಅಧಿಕಾರಿಗಳು ಓಡಿದರು, ಪಟ್ಟಣದವರು ಆ ಜನರ ಮೌಢ್ಯವನ್ನು ಬೈದು ಕೈತೊಳೆದುಕೊಂಡರು. ಆದರೆ ಒಂದು ಸಂಗತಿಯನ್ನು ಬಹಳ ಜನ ಗಮನಿಸಲಿಲ್ಲ. ಆ ಹೆರಿಗೆ ಆದದ್ದು ಆಸ್ಪತ್ರೆಯಲ್ಲಿ! ನೂರಕ್ಕೆ 97ರ ಲೆಕ್ಕದಲ್ಲಿ ಸೇರತಕ್ಕಂಥ ಹೆರಿಗೆ ಅದು. ಆಸ್ಪತ್ರೆ ತನ್ನ ಬಾಗಿಲಿನವರೆಗೆ ಕೆಲಸ ಮಾಡಿತು. ಬಾಗಿಲಾಚೆ ಏನಾಗುತ್ತದೆಂಬುದು ಆಸ್ಪತ್ರೆಯ ಕೈಯಲ್ಲಿಲ್ಲ. ಇಂಥ ಹಟ್ಟಿಗೆ ಪೊಲೀಸರನ್ನು ಕಳುಹಿಸಬಹುದು, ಕಾಯಿದೆಯನ್ನು ಓದಿ ಹೇಳಬಹುದು. ಆದರೆ ಆ ಬಾಣಂತಿ ಮದುವೆಯಾಗಿ ಬಂದ ದಿನದಿಂದ ಮನೆಗೆ ಹೋಗಿ ಬಂದು ಮಾಡುತ್ತಿರುವ, ಅತ್ತೆಯ ಕಾಲುನೋವಿಗೂ ಮಾವನ ಕೆಮ್ಮಿಗೂ ಔಷಧ ಕೊಟ್ಟು ಆ ಮನೆಯ ಋಣ ಕಟ್ಟಿಕೊಂಡಿರುವ ಒಬ್ಬ ನರ್ಸಮ್ಮ, "ಅಜ್ಜೀ, ದೇವರು ಸಿಟ್ಟಾದರೆ ನನ್ನ ಮೇಲಾಗಲಿ, ಕೂಸನ್ನು ಒಳಗೆ ಕರಕೊಂಡು ಬಾ" ಎಂದು ಹೇಳಿದರೆ ನಡೆಯುವಷ್ಟು ಯಾವ ಆಜ್ಞೆಯೂ ನಡೆಯದು. ಆ ಮಾತಿನ ಅಧಿಕಾರ ಒಂದು ದಿನದಲ್ಲಿ ಬರುವುದಿಲ್ಲ. ಹತ್ತು ವರ್ಷ ಒಂದೇ ಊರಿನ ಧೂಳು ತುಳಿದವಳಿಗೆ ಬರುತ್ತದೆ.

ಇದು ನನ್ನ ಕನಸಲ್ಲ, ನಡೆದು ತೋರಿಸಿದವರಿದ್ದಾರೆ. ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಡಾ. ರಜನಿಕಾಂತ ಆರೊಳೆ, ಡಾ. ಮೇಬಲ್ ಆರೊಳೆ ದಂಪತಿಗಳು ಊರಿನ ಹೆಂಗಸರನ್ನೇ, ಅಕ್ಷರ ಬಾರದವರನ್ನೂ ದಲಿತರನ್ನೂ ಸೇರಿಸಿಕೊಂಡು, ಊರಿನ ಆರೋಗ್ಯ ಕಾಯುವವರನ್ನಾಗಿ ಮಾಡಿದರು. ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್, ಡಾ. ರಾಣಿ ಬಂಗ್ ಅವರು ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆ ಕಲಿಸಿ ಮನೆ ಮನೆಗೆ ಕಳುಹಿಸಿದರು. ಮೂರನೆಯ ವರ್ಷಕ್ಕೆ ಹಸುಗೂಸುಗಳ ಮರಣ ಸುಮಾರು ಶೇಕಡಾ 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಡಾ. ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ಕೆಲಸಕ್ಕೆ ನಿಂತರು. ಹಾಡಿಯ ಹುಡುಗಿಯರನ್ನೇ ದಾದಿಯರ ತರಬೇತಿಗೆ ಕಳುಹಿಸಿ ಹಾಡಿಗೇ ಮರಳಿ ತರುವ ದಾರಿಯನ್ನು ಅಲ್ಲಿ ತೋರಿಸಿಕೊಟ್ಟರು. ಹಾಡಿಯ ಮಾತು ಬಲ್ಲವಳು, ಕಾಡಿನ ದಾರಿ ಬಲ್ಲವಳು. ವರ್ಗಾವಣೆಗಾಗಿ ಅರ್ಜಿ ಹಾಕದವಳು. ಇದನ್ನು ಹೊಗಳದ ಮಂತ್ರಿಗಳಿಲ್ಲ. ತಾಲೂಕು ತಾಲೂಕಿಗೂ ಮಾಡಿದವರು ಎಲ್ಲಿ?

ಈಗ ಎದುರುವಾದಿಗಳ ಕಡೆಗೆ ತಿರುಗೋಣ. ಮೊದಲನೆಯವರು ಕೇಳುತ್ತಾರೆ: "ಶ್ರೀಮಂತನಿಗೆ ಡಾಕ್ಟರು, ಬಡವನಿಗೆ ನರ್ಸೆ? ಇದು ಯಾವ ನ್ಯಾಯ?" ಮಾತು ಚೆನ್ನಾಗಿದೆ, ಚಪ್ಪಾಳೆ ಗಿಟ್ಟಿಸುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಕೂಸು ಹುಟ್ಟಿದ ಮನೆಗೆ, ಬಡವನದಾಗಲಿ ಲಾರ್ಡನದಾಗಲಿ, ಆರೋಗ್ಯ ಸಂದರ್ಶಕಿಯೆಂಬ ದಾದಿ ಹೋಗಿ ವಿಚಾರಿಸಿಕೊಂಡು ಬರುತ್ತಾಳೆ. ಅಲ್ಲಿ ಅದನ್ನು ಯಾರೂ ಕೀಳೆಂದು ತಿಳಿದಿಲ್ಲ. ಮನೆಗೆ ಬರುವ ದಾದಿ ವೈದ್ಯನ ಬದಲಿಯಲ್ಲ. ವೈದ್ಯನಿಂದ ಆಗದ ಕೆಲಸವನ್ನು ಮಾಡುವವಳು. ಕಾಯಿಲೆ ಕೈಮೀರುವ ಮುನ್ನ ಗುರುತಿಸಿ ವೈದ್ಯನ ಬಳಿಗೆ ಅಟ್ಟುವವಳೂ ಆಕೆಯೆ. ಅಲ್ಲದೆ, ವೈದ್ಯರನ್ನು ಹಳ್ಳಿಗೆ ಕಳುಹಿಸುವುದಕ್ಕಾಗಿ ಈ ರಾಜ್ಯ 2012ರಲ್ಲಿ ಕಡ್ಡಾಯ ಸೇವೆಯ ಕಾಯಿದೆಯನ್ನೇ ಮಾಡಬೇಕಾಯಿತೆಂಬುದನ್ನು ಈ ಮಹನೀಯರು ಮರೆಯಬಾರದು. ಕಾಯಿದೆಯ ಹಗ್ಗ ಕಟ್ಟಿ ಎಳೆದು ತಂದವನಿಗಾಗಿ ಕಾಯುತ್ತ, ತಾನಾಗಿ ಬಂದು ನಿಂತವಳನ್ನು ಅಲಕ್ಷ್ಯ ಮಾಡುವುದು ಜಾಣತನವೆ?

ಎರಡನೆಯವರು ಕಾರ್ಡಿನ ಭಕ್ತರು. "2018ರಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಭರವಸೆಯಿದೆಯಲ್ಲ, ಇನ್ನೇನು ಬೇಕು?" ಎನ್ನುತ್ತಾರೆ. ಕಾರ್ಡು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಾರ್ಡು ಎಚ್ಚೆತ್ತುಕೊಳ್ಳುವುದು ಮನುಷ್ಯ ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲನ್ನು ಕತ್ತರಿಸಲು ಹಣ ಬರುತ್ತದೆ. ಆ ಕಾಲಿಗೆ ಹುಣ್ಣಾಗದಂತೆ ವರ್ಷವಿಡೀ ನೋಡಿಕೊಂಡ ದಾದಿಯ ಬಸ್ ಚಾರ್ಜಿಗೆ ಹಣವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಸಿಕ್ಕದು.

ಮೂರನೆಯವರು ಸೇವೆಯ ಸ್ತೋತ್ರ ಹಾಡುವವರು. ಇವರನ್ನು ಕಂಡರೆ ನನಗೆ ಹೆಚ್ಚು ಭಯ. "ಇದು ಕೆಲಸವಲ್ಲ, ಪುಣ್ಯಕಾರ್ಯ, ಸಂಬಳದ ಲೆಕ್ಕ ಹಾಕಬಾರದು" ಎಂಬುದು ಇವರ ಉಪದೇಶ. ಉಪದೇಶ ಮಾಡುವವರ ಸಂಬಳ ತಿಂಗಳ ಮೊದಲ ದಿನ ತಪ್ಪದೆ ಬರುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆಯನ್ನು ಏರ್ಪಡಿಸಿದರು. ನರ್ಸಮ್ಮನ ಕಣ್ಣು, ಕಿವಿ, ಕಾಲು ಆದವರು ಇವರು. ಹೆರಿಗೆಯಾದ ಮೇಲೆ 3, 7, 14, 21, 28, 42ನೆಯ ದಿನಗಳಲ್ಲಿ ಕೂಸನ್ನು ನೋಡಿ ಬರಬೇಕಾದವರೂ ಇವರೇ. ಇವರನ್ನು ಸರ್ಕಾರ ನೌಕರರೆನ್ನುವುದಿಲ್ಲ, ಸ್ವಯಂಸೇವಕಿಯರೆನ್ನುತ್ತದೆ. ಸಂಬಳವೆನ್ನುವುದಿಲ್ಲ, ಗೌರವಧನ, ಪ್ರೋತ್ಸಾಹಧನವೆನ್ನುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಾಗ ನಾವೆಲ್ಲ ಎದೆಯುಬ್ಬಿಸಿಕೊಂಡೆವು. 2025ರ ಜನವರಿಯ ಚಳಿಯಲ್ಲಿ ಇದೇ ಹೆಂಗಸರು ತಿಂಗಳಿಗೊಂದು ನಿಶ್ಚಿತ ಮೊತ್ತ ಕೊಡಿರೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತರು. ಪ್ರಶಸ್ತಿ ಜಿನೀವಾದಲ್ಲಿ, ಧರಣಿ ಬೆಂಗಳೂರಿನಲ್ಲಿ! ಪುಣ್ಯದಿಂದ ಮಕ್ಕಳ ಶಾಲೆಯ ಫೀಜು ತುಂಬಲು ಬಾರದು.

ಹಾಗಾದರೆ ಆಗಬೇಕಾದುದೇನು? ಬರಿ ಟೀಕೆ ಸುಲಭವೆಂದು ಆಕ್ಷೇಪ ಬರುವ ಮೊದಲೇ ಹೇಳಿಬಿಡುತ್ತೇನೆ.

ಒಂದು: ದಾದಿಗೆ ಕಾಲ ಬೇಕು. ಒಂದು ಸಂಗತಿಯನ್ನು ಒಮ್ಮೆ ಮಾತ್ರ, ಒಂದೇ ಕಡೆ ಬರೆಯಬೇಕೆಂದು ಆಜ್ಞೆಯಾಗಲಿ. ವಾರದಲ್ಲಿ ನಾಲ್ಕು ದಿನ ಆಕೆಯನ್ನು ಯಾವ ಸಭೆಗೂ ಕರೆಯಕೂಡದೆಂದಾಗಲಿ. ಲೆಕ್ಕ ಬೇಕಾದವರು ಲೆಕ್ಕಿಗರನ್ನು ನೇಮಿಸಿಕೊಳ್ಳಲಿ.

ಎರಡು: ಆಕೆಗೆ ನೆಲೆ ಬೇಕು. ನರ್ಸಮ್ಮ ಊರಲ್ಲಿ ಉಳಿಯುವುದಿಲ್ಲವೆಂದು ಎಲ್ಲರೂ ದೂರುತ್ತಾರೆ. ಆಕೆಗೆಂದು ಕಟ್ಟಿದ ಮನೆಯನ್ನು ಅವರು ನೋಡಿದ್ದಾರೆಯೆ? ಊರಿಂದಾಚೆ ಸ್ಮಶಾನದ ಪಕ್ಕ, ದೀಪವಿಲ್ಲದ ದಾರಿ, ಚಿಲಕ ಕಿತ್ತ ಬಾಗಿಲು, ನೀರಿಲ್ಲದ ಪಾಯಿಖಾನೆ. ಇಂಥ ಮನೆಗಳನ್ನು ನಾನು ಕಂಡಿದ್ದೇನೆ. ಒಂಟಿ ಹೆಂಗಸನ್ನು ಅಲ್ಲಿ ಮಲಗಿಕೊಳ್ಳೆಂದು ಹೇಳಲು ಬಾಯಿ ಹೇಗೆ ಬರುತ್ತದೆ? ಊರ ನಡುವೆ, ಹೆಂಗಸರು ಹಗಲಿರುಳು ಹೆದರದೆ ಬಂದು ಹೋಗುವ ಜಾಗದಲ್ಲಿ ಉಪಕೇಂದ್ರ ಇರಲಿ. ಅದು ಎಲ್ಲ ಕೇರಿಯವರೂ ಅಳುಕದೆ ಹೊಸ್ತಿಲು ತುಳಿಯುವ ಜಾಗವಾಗಿರಲಿ. ದೇವಸ್ಥಾನದ ಬೀದಿಯಲ್ಲಿ ಕಟ್ಟಿ, ದಲಿತ ಕೇರಿಯವರು ಬರಲಿಲ್ಲವೆಂದು ದೂರುವುದು ಬೇಡ.

ಮೂರು: ಆಕೆಗೆ ಅಧಿಕಾರ ಬೇಕು, ಭದ್ರತೆ ಬೇಕು. ಈಗ ಹಲವು ಕೇಂದ್ರಗಳಲ್ಲಿ ನರ್ಸಿಂಗ್ ಓದಿ ಆರು ತಿಂಗಳ ಹೆಚ್ಚಿನ ತರಬೇತಿ ಪಡೆದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ವೈದ್ಯರು ಗೊತ್ತುಮಾಡಿದ ಔಷಧವನ್ನು ಊರಲ್ಲಿಯೇ ಕೊಡುವ ಏರ್ಪಾಡು ಒಳ್ಳೆಯದು. ಆದರೆ ಅವರಲ್ಲಿ ಬಹುಪಾಲು ಗುತ್ತಿಗೆಯವರು. ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂದು ತಿಳಿಯದವಳು, ಇಪ್ಪತ್ತು ವರ್ಷ ಜೊತೆಗಿರುವ ರೋಗಕ್ಕೆ ಆರೈಕೆ ಮಾಡಬೇಕಂತೆ! ಹುದ್ದೆಯನ್ನು ಕಾಯಂ ಮಾಡಿ. ಔಷಧ ತೀರುವ ಮೊದಲೇ ತಲುಪಿಸಿ. ಆಶಾ ಕಾರ್ಯಕರ್ತೆಯರಿಗೆ ಸಂಬಳವನ್ನು ಸಂಬಳವೆಂದೇ ಕರೆದು ಕೊಡಿ.

ನಾಲ್ಕು: ಆಕೆ ಉತ್ತರ ಹೇಳಬೇಕಾದುದು ಊರಿಗೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯೆಂದು ಪ್ರತಿ ಊರಿಗೂ ಒಂದನ್ನು ಮಾಡಿ, ವರ್ಷಕ್ಕೆ 10,000 ರೂಪಾಯಿಯನ್ನು ಗೊತ್ತುಮಾಡಿದರು. ಆ ಸಮಿತಿಯ ಸಭೆಗೆ ನಿಮ್ಮೂರಿನಲ್ಲಿ ಎಷ್ಟು ಜನ ಬಂದಿದ್ದರು? ಹಾಜರಿ ಪುಸ್ತಕದಲ್ಲಿ ರುಜು ಮಾಡಿದವರನ್ನು ನಾನು ಕೇಳುತ್ತಿಲ್ಲ, ನಿಜವಾಗಿ ಬಂದವರನ್ನು ಕೇಳುತ್ತಿದ್ದೇನೆ. ಗ್ರಾಮಸಭೆಯಲ್ಲಿ ರಸ್ತೆಗೆ, ಚರಂಡಿಗೆ, ಮನೆಗಳಿಗೆ ಜಗಳವಾಡುವಂತೆಯೇ, "ಈ ವರ್ಷ ನಮ್ಮೂರಲ್ಲಿ ಎಷ್ಟು ಕೂಸು ತೀರಿಕೊಂಡವು, ಏಕೆ?" ಎಂದು ಕೇಳುವ ಪದ್ಧತಿ ಬರಲಿ. ಆ ಪ್ರಶ್ನೆಗೆ ನರ್ಸಮ್ಮ ಎದ್ದು ನಿಂತು ಉತ್ತರ ಹೇಳಲಿ. ತನಗೆ ಏನೇನು ಕೊಡಲಿಲ್ಲವೆಂಬುದನ್ನೂ ಅದೇ ಸಭೆಯಲ್ಲಿ ಹೇಳಲಿ. ಗುರಿ ಮುಟ್ಟಿದ ಅಂಕಿಗಿಂತ ಆ ಉತ್ತರ ನೂರು ಪಾಲು ಬೆಲೆಯುಳ್ಳದ್ದು.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ. ಕಟ್ಟಡಕ್ಕೆ ಹಣವೆಲ್ಲಿಂದ ಬಂತು? ಹಣದ ಕೊರತೆಗಿಂತ ಇಲ್ಲಿ ದೊಡ್ಡದಾದುದು ಗೌರವದ ಕೊರತೆ. ದಾದಿಯ ಕೆಲಸ ಹೆಂಗಸರ ಕೆಲಸ. ಮೈಲಿಗೆ ಮುಟ್ಟುವ ಕೆಲಸ. ಮನೆ ಮನೆ ಸುತ್ತುವ ಕೆಲಸ. ಹಾಗೆಂದು ನಾವು ಒಳಗೊಳಗೇ ಅದನ್ನು ಕೀಳೆಂದು ಬಗೆದಿದ್ದೇವೆ. ಬಾಯಲ್ಲಿ ಸೋದರಿ ಎನ್ನುತ್ತೇವೆ, ಕಚೇರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತೇವೆ. 1978ರಲ್ಲಿ ಅಲ್ಮಾ ಅಟಾದಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ 2000ದ ವೇಳೆಗೆ ಎಲ್ಲರಿಗೂ ಆರೋಗ್ಯವೆಂದು ಸಾರಿದ್ದವು. ಆ ಇಸವಿ ಕಳೆದು ಕಾಲು ಶತಮಾನವಾಯಿತು.

ಮುಂದಿನ ಗ್ರಾಮಸಭೆ ಬಂದಾಗ ಓದುಗರು ನಿಮ್ಮ ನಿಮ್ಮ ಊರಿನಲ್ಲಿ ಒಂದು ಕೆಲಸ ಮಾಡಬಹುದು. ದೊಡ್ಡ ಆಸ್ಪತ್ರೆಯ ಬೇಡಿಕೆಯ ಜೊತೆಗೆ ಇನ್ನೊಂದು ಸಾಲನ್ನು ಬರೆಯಿಸಿ: ನಮ್ಮ ಉಪಕೇಂದ್ರದಲ್ಲಿ ನರ್ಸಮ್ಮನ ಹುದ್ದೆ ಖಾಲಿಯಿದ್ದರೆ ತುಂಬಿ, ತುಂಬಿದ್ದರೆ ಆಕೆಯನ್ನು ಪುಸ್ತಕಗಳಿಂದ ಬಿಡಿಸಿ ನಮ್ಮ ಮನೆಗಳಿಗೆ ಕಳುಹಿಸಿ. ಈ ಸಾಲಿಗೆ ಯಾರೂ ಹಾರ ಹಾಕಲಾರರು, ಚಿತ್ರ ತೆಗೆಯಲಾರರು. ಹಾಗಿದ್ದರೂ ಬರೆಯಿಸಿ.